ಹೂಟಗಳ್ಳಿಯ ಗುಜರಿಯಿಂದ ಲಾರಿ ಹತ್ತಿದ ತುಂಡು

ಮೈಸೂರು, ಮಾರ್ಚ್ 2009

ವಿಕಿರಣ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಹೂಟಗಳ್ಳಿಯ ಗುಜರಿ ಅಂಗಡಿಯಲ್ಲಿ ವಿಕಿರಣವೇ ಇರಲಿಲ್ಲ ಎಂಬ ನಿಮ್ಮ ಫೆಬ್ರವರಿ ತಿಂಗಳ ವರದಿಯನ್ನು ನಾನು ನಂಬುವುದಿಲ್ಲ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದವಳು. ಕಾರಣ ಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ.

ನಮ್ಮ ಹಿಂದಿನ ಬೀದಿಯ ಪುಟ್ಟಲಿಂಗಮ್ಮ ಆ ಅಂಗಡಿಯಲ್ಲಿ ಕಬ್ಬಿಣ ವಿಂಗಡಿಸುತ್ತಿದ್ದರು. ಜನವರಿ ಕೊನೆಯಲ್ಲಿ ಅವರ ಬಲಗೈಯ ಎರಡು ಬೆರಳು ಊದಿ ಬೊಬ್ಬೆ ಎದ್ದವು. ಬಿಸಿ ಏನೋ ಮುಟ್ಟಿರಬೇಕು ಎಂದರು ಡಾಕ್ಟರು.

"ಬಿಸಿ ಏನೂ ಮುಟ್ಟಿಲ್ಲ ಕಣ್ರಮ್ಮ. ಹತ್ತು ದಿನದ ಹಿಂದೆ ಬೆರಳುದ್ದ ಹೊಳೆಯೋ ತುಂಡೊಂದು ಸಿಕ್ತು. ಬೆಳ್ಳಿಯೇನೋ ಅಂತ ತಿರುಗಿಸಿ ತಿರುಗಿಸಿ ನೋಡಿ, ಮೂಲೆ ರಾಶಿಗೆ ಎಸೆದ್ಬುಟ್ಟೆ," ಎಂದು ಪುಟ್ಟಲಿಂಗಮ್ಮ ನನಗೆ ಹೇಳಿದರು.

ಬೆಸುಗೆಯ ಬಿರುಕು ಪತ್ತೆ ಮಾಡಲು ಕಾರ್ಖಾನೆಗಳಲ್ಲಿ ಗಾಮಾ ಕಿರಣ ಸೂಸುವ ಇಂಥದೇ ತುಂಡು ಬಳಸುತ್ತಾರೆ. ಬರಿಗೈಯಲ್ಲಿ ಹಿಡಿದರೆ ಕೆಲವು ದಿನಗಳ ಮೇಲೆ ಹೀಗೇ ಬೊಬ್ಬೆ ಏಳುತ್ತದೆ. ನನ್ನ ಹಳೆಯ ಕಾಲೇಜಿನಿಂದ ವಿಕಿರಣ ಪತ್ತೆ ಮಾಡುವ ಗೈಗರ್ ಕೌಂಟರ್ ಕೇಳಿ ತಂದು ಅಂಗಡಿಗೆ ಹೋದೆ. ಗೇಟಿನಲ್ಲೇ ಅದು ಬಿಡುವಿಲ್ಲದೆ ಕಟಕಟಿಸಿತು. ಎಲ್ಲರನ್ನೂ ಹೊರಗೆ ಕರೆದು, ಮಾಲೀಕ ಮಂಟಯ್ಯನವರಿಂದ ಬೀಗ ಹಾಕಿಸಿ, ನಿಮ್ಮ ಕಚೇರಿಗೆ ಫೋನ್ ಮಾಡಿದೆ.

ನಿಮ್ಮವರು ಬಂದದ್ದು ನಾಲ್ಕನೆಯ ದಿನ. ಅಷ್ಟರಲ್ಲಿ ಮಂಟಯ್ಯ ಬೀಗ ತೆಗೆದಿದ್ದರು, ಮೂಲೆಯ ರಾಶಿ ಲಾರಿ ಹತ್ತಿ ಹೋಗಿತ್ತು.

"ಇನ್ಸ್‌ಪೆಕ್ಷನ್ ಐತೆ, ಮೂಲೆ ಕ್ಲೀನ್ ಮಾಡ್ಕೊ ಅಂತ ಯಾರೋ ಫೋನ್ ಮಾಡಿದ್ರು ಕಣಮ್ಮ," ಎಂದರು ಮಂಟಯ್ಯ. ಯಾರೆಂದು ಕೇಳಿದರೆ ತಕ್ಕಡಿ ಒರೆಸಲು ಹೋದರು. ಮಾನ್ಯರೇ, ನೀವು ಬರುವ ದಿನ ನನಗೇ ಗೊತ್ತಿರಲಿಲ್ಲ. ಆ ಪುಣ್ಯಾತ್ಮನಿಗೆ ಹೇಗೆ ಗೊತ್ತಾಯಿತು?

ನಿಮ್ಮ ಇನ್ಸ್‌ಪೆಕ್ಟರು ಮೀಟರು ಹಿಡಿದು ಅಂಗಡಿ ಸುತ್ತಿದರು. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ.

"ಸ್ವಾಮಿ, ಅದು ಆನ್ ಆಗಿದೆಯಾ?" ಎಂದೆ.

"ಸೊನ್ನೆ ಬಂದ್ರೆ ಖುಷಿ ಪಡ್ಬೇಕು ಕಣ್ರೀ ಮೇಡಂ," ಎಂದು ನಕ್ಕು ಅದನ್ನು ಚೀಲಕ್ಕೆ ಸೇರಿಸಿಬಿಟ್ಟರು.

ಹೇಗೆ ಖುಷಿಪಡಲಿ? ಮಣ್ಣು, ಕಲ್ಲು, ಆಕಾಶ ಎಲ್ಲವೂ ಅಷ್ಟಿಷ್ಟು ವಿಕಿರಣ ಸೂಸುತ್ತವೆ. ಜೀವವಿರುವ ಮೀಟರು ನನ್ನ ಅಡುಗೆಮನೆಯಲ್ಲೂ ಸುಮ್ಮನಿರುವುದಿಲ್ಲ. ಪೂರ್ತಿ ಸೊನ್ನೆ ತೋರಿಸಿದರೆ ಮೀಟರು ಸತ್ತಿದೆ ಎಂದರ್ಥ. ಇದು ಪಿಯುಸಿ ಮಕ್ಕಳಿಗೂ ಗೊತ್ತು. ನಿಮ್ಮ ವರದಿಗೆ ಆ ಸೊನ್ನೆಯೇ ಆಧಾರ!

ಕಳೆದ ವಾರ ನಿಮ್ಮ ಕಚೇರಿ ಸಾರ್ವಜನಿಕರಿಗಾಗಿ ಏರ್ಪಡಿಸಿದ್ದ ಪ್ರದರ್ಶನದಲ್ಲಿ ನೀವು ಹೊಸ ಗಾಮಾ ಕ್ಯಾಮೆರಾ ತೋರಿಸಿದಿರಿ. ಪೆಟ್ಟಿಗೆಗಳ ನಡುವೆ ಬಚ್ಚಿಟ್ಟ ಸಾಸಿವೆಯಷ್ಟು ವಿಕಿರಣ ವಸ್ತು ಎಷ್ಟು ದೂರ, ಎಷ್ಟು ಎತ್ತರ, ಎಷ್ಟು ಆಳದಲ್ಲಿದೆ ಎಂಬುದು ಪರದೆಯ ಮೇಲೆ ಮೂರು ಆಯಾಮದಲ್ಲಿ ಕೆಂಪಗೆ ಮೂಡಿತು. ಸೊಗಸಾದ ಯಂತ್ರ, ನಾನೂ ಚಪ್ಪಾಳೆ ತಟ್ಟಿದೆ. ಇದನ್ನು ಹೂಟಗಳ್ಳಿಗೆ ಯಾಕೆ ತರಲಿಲ್ಲ ಎಂದು ಎದ್ದು ಕೇಳಿದೆ. ಆ ಕ್ಷಣಕ್ಕೆ ಸರಿಯಾಗಿ ಮೈಕು ಕೆಟ್ಟಿತು.

ಸೋಮವಾರ ಪುಟ್ಟಲಿಂಗಮ್ಮನ ಎರಡೂ ಬೆರಳುಗಳ ತುದಿ ಕತ್ತರಿಸಿ ತೆಗೆದರು. ಆಸ್ಪತ್ರೆಯ ಮಂಚದ ಮೇಲೆ ಅವರು ಕೇಳಿದ್ದು ಒಂದೇ: "ಅಮ್ಮಾವ್ರೇ, ಆ ರಾಶಿನ ಲಾರಿಗೆ ತುಂಬ್ದೋರು ಯಾರೋ ಏನೋ. ಅವ್ರ ಕೈ ಎಂಗೈತೆ?"

ಅದು ನಿಮಗೆ ಗೊತ್ತಿರಬೇಕಿತ್ತು. ಲಾರಿ ಎಲ್ಲಿಗೆ ಹೋಯಿತು ಎಂದು ಮಂಟಯ್ಯನವರಿಂದ ಬರೆಸಿಕೊಳ್ಳಿ. ಆ ಕ್ಯಾಮೆರಾವನ್ನು ಅದೇ ದಾರಿಯಲ್ಲಿ ಕಳಿಸಿ, ತುಂಡು ಯಾವುದಾದರೂ ಕುಲುಮೆ ಸೇರುವ ಮೊದಲು ಹುಡುಕಿಸಿ. ರಾಶಿ ಹೊತ್ತವರನ್ನು ಪತ್ತೆ ಮಾಡಿ, ಇದೇ ವಾರ ಆಸ್ಪತ್ರೆಗೆ ಕರೆತನ್ನಿ.

ಇಂತಿ,
ನಿಮ್ಮ ವರದಿಯಲ್ಲಿ 'ಗಾಬರಿಗೊಂಡ ಸ್ಥಳೀಯ ಮಹಿಳೆ' ಎಂದಷ್ಟೇ ನಮೂದಾಗಿರುವ
ಗಿರಿಜಾಂಬಾ
ಕುಂಬಾರಕೊಪ್ಪಲು