ಒಳಗೆ ಬಿಟ್ಟ ಬಟ್ಟೆ

ಪ್ರೀತಿಯ ಅಣ್ಣನಿಗೆ, ನಿನ್ನ ಸೂಜಿ ಮಾಡುವ ನಮಸ್ಕಾರಗಳು.

ಈ ಪತ್ರವನ್ನು ಹೊಸ ಪ್ಯಾಂಟಿನ ಬಲಜೇಬಿನಲ್ಲಿ ಇಟ್ಟಿದ್ದೇನೆ. ಹೊಸ ಬಟ್ಟೆ ಕೈಗೆ ಬಂದರೆ ಮೊದಲು ಜೇಬಿಗೆ ಕೈ ಹಾಕಿ ಆಳ ನೋಡುವವನು ನೀನು. ತೊಡುವ ಮುಂಚೆಯೇ ಓದುತ್ತೀಯ ಎಂದು ನಂಬಿದ್ದೇನೆ. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ.

ಮೊನ್ನೆ ಫೋನಿನಲ್ಲಿ ಎಷ್ಟು ಖುಷಿಯಲ್ಲಿದ್ದೆ ನೀನು. “ಸೋಮವಾರ ಡಿಪೊ ಡಾಕ್ಟರ್ ನೋಡ್ತಾರಂತೆ. ಅವರು ಹೂಂ ಅಂದ್ರೆ ಮತ್ತೆ ಬಸ್ ಹತ್ತೋದೇ. ಹಳೇ ಅಳತೆಗೇ ಒಂದು ಪ್ಯಾಂಟ್ ಹೊಲಿದುಬಿಡು, ಸೂಜಿ” ಎಂದೆ. ನಿನ್ನ ಪ್ರಕಾರ ಹಳೇ ಅಳತೆ ಎಂದರೆ ಸೊಂಟ ಮೂವತ್ತೆರಡು. ಅಣ್ಣಾ, ಅದು ಸುಳ್ಳು. ಆ ಸುಳ್ಳನ್ನು ಹನ್ನೆರಡು ವರ್ಷ ಹೊಲಿದವಳು ನಾನೇ.

ಅಪ್ಪ ಹೋದ ಮೇಲೆ, ನಿನಗೆ ಕೆಲಸ ಸಿಕ್ಕ ಮೊದಲ ತಿಂಗಳೇ ನನಗೆ ಹೊಲಿಗೆ ಯಂತ್ರ ತಂದುಕೊಟ್ಟು, ಸೂಜಿ ಎಂದು ಕರೆಯತೊಡಗಿದೆ. ನಾನು ಹೊಲಿದ ಮೊದಲ ಪ್ಯಾಂಟಿನ ಒಂದು ಕಾಲು ಅರ್ಧ ಇಂಚು ಗಿಡ್ಡವಾಗಿತ್ತು. ಕೂತು ಮಾಡುವ ಕೆಲಸ, ಯಾರು ನೋಡುತ್ತಾರೆ ಎಂದು ನೀನು ಅದನ್ನೇ ತೊಟ್ಟು ಬಸ್ ಓಡಿಸಿದೆ. ಅವತ್ತಿನಿಂದ ನಿನ್ನ ಸಮವಸ್ತ್ರಕ್ಕೆ ಬೇರೆ ಯಾರೂ ಕತ್ತರಿ ಹಾಕಿಲ್ಲ.

ನಿನ್ನ ಮದುವೆಯಾದ ಮರುವರ್ಷ, ಗುಂಡಿ ಬಿದ್ದಿದೆ ಎಂದು ಪ್ಯಾಂಟು ಕೊಟ್ಟುಹೋದೆ. ನೋಡಿದರೆ ಗುಂಡಿ ಬಿದ್ದಿದ್ದಲ್ಲ, ಬಿಗಿಯಾಗಿ ಕಿತ್ತುಬಂದಿತ್ತು. ಹಿಂಭಾಗದ ಹೊಲಿಗೆಯಲ್ಲಿ, ಮುಂದೆ ಸಡಿಲಿಸಲೆಂದು ಒಳಗೆ ಎರಡಿಂಚು ಬಟ್ಟೆ ಬಿಟ್ಟಿದ್ದೆ, ಅದರಲ್ಲಿ ಒಂದಿಂಚು ಬಿಚ್ಚಿ ಇಸ್ತ್ರಿ ಹಾಕಿ ಕೊಟ್ಟೆ. ಹೇಳಲಿಲ್ಲ. ಮಾರನೇ ವಾರ ನೀನು ಡಿಪೊದ ನಾಲ್ಕು ಜನ ಡ್ರೈವರುಗಳನ್ನು ಅಂಗಡಿಗೆ ಕರೆತಂದು, ನನ್ನ ತಂಗಿ ಹೊಲಿದ ಪ್ಯಾಂಟು ಯಾವತ್ತೂ ಬಿಗಿಯಾಗುವುದಿಲ್ಲ ಎಂದು ಬೀಗಿದೆ. ನಾನು ಉಬ್ಬಿಹೋದೆ. ನಿನಗೆ ಬೇಜಾರಾಗಬಾರದು ಎಂದು ಸುಮ್ಮನಿದ್ದೆ ಎನ್ನಬಹುದಿತ್ತು, ಆದರೆ ನಿಜ ಅದಲ್ಲ. ನನಗೆ ಆ ಹೊಗಳಿಕೆ ಬೇಕಿತ್ತು.

ಆಮೇಲೆ ಅದೇ ರೂಢಿಯಾಯಿತು. ಹೊಲಿಗೆ ಬಿಚ್ಚುತ್ತಾ ಹೋದೆ. ಹೊಸದು ಹೊಲಿಯುವಾಗ ದೊಡ್ಡದಾಗಿಯೇ ಕತ್ತರಿಸಿದೆ. ಸೊಂಟಪಟ್ಟಿಯ ಒಳಗೆ ಹೊಲಿಯುವ ಅಳತೆ ಚೀಟಿಯಲ್ಲಿ ಮಾತ್ರ ಪ್ರತಿ ಸಲವೂ ಮೂವತ್ತೆರಡು. ನಿನ್ನ ಕೈಕಾಲು ಮೊದಲಿನ ಹಾಗೇ ಕಡ್ಡಿ, ಬೆಳೆದದ್ದು ಹೊಟ್ಟೆಯೊಂದೇ. ವರ್ಷಕ್ಕೊಮ್ಮೆ ಡಿಪೊದ ತಪಾಸಣೆಯಲ್ಲಿ ಸೊಂಟ ಎಷ್ಟೆಂದು ಕೇಳಿದರೆ ನೀನು ಆ ಚೀಟಿ ತಿರುಗಿಸಿ ತೋರಿಸುತ್ತಿದ್ದೆ, ಅವರು ಹಾಗೇ ಬರೆದುಕೊಳ್ಳುತ್ತಿದ್ದರು. ಇದನ್ನು ನೀನೇ ನಗುತ್ತಾ ಹೇಳಿದ್ದೆ, ನಾನೂ ನಕ್ಕಿದ್ದೆ.

ಹೀಗಿರುವಾಗ ಒಂದು ದಿನ ಕೊನೆಯ ನಿಲ್ದಾಣದಲ್ಲಿ ಬಸ್ಸನ್ನು ಬದಿಗೆ ಹಾಕಿ, ಎಲ್ಲರನ್ನೂ ಇಳಿಸಿ, ಆಮೇಲೆ ಎದೆ ಹಿಡಿದುಕೊಂಡೆಯಂತೆ. ಆಸ್ಪತ್ರೆಯಲ್ಲಿ ಆ ಡಾಕ್ಟರಮ್ಮ ಹೊಕ್ಕುಳ ಮೇಲೆ ಟೇಪು ಸುತ್ತಿ ನಲವತ್ತೂವರೆ ಎಂದಾಗ, ಟೇಪೇ ಸರಿಯಿಲ್ಲ, ಮದುವೆಯಾದಾಗಿನಿಂದ ನನ್ನದು ಮೂವತ್ತೆರಡೇ ಎಂದು ಮಲಗಿದ್ದಲ್ಲೇ ವಾದ ಮಾಡಿದೆ. ನಾನು ಫ್ಲಾಸ್ಕ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆಗಲೂ ನಿಜ ಹೇಳದೆ, ಮುಚ್ಚಳ ತೆಗೆದು ನಿನಗೆ ಬಿಸಿನೀರು ಬಗ್ಗಿಸಿದೆ.

ಹೊರಗೆ ಬಂದು ಅವರು ಅತ್ತಿಗೆಗೂ ನನಗೂ ಬಿಡಿಸಿ ಹೇಳಿದರು. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂತಿರುವ ಮೂಟೆಯಲ್ಲವಂತೆ. ಅದೂ ಒಂದು ಗ್ರಂಥಿಯ ಹಾಗೆ ಹಾರ್ಮೋನುಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದಂತೆ. ಒಂದರ ಹೆಸರು ಲೆಪ್ಟಿನ್. ಇನ್ನು ಊಟ ಸಾಕು ಎಂದು ಮಿದುಳಿಗೆ ತಿಳಿಸುವುದು ಅದರ ಕೆಲಸ. ಕೊಬ್ಬು ಹೆಚ್ಚಾದಂತೆ ಅದೂ ಹೆಚ್ಚುತ್ತದೆ, ಎಷ್ಟು ಕೂಗಿದರೂ ಮಿದುಳು ಕಿವಿಗೆ ಹಾಕಿಕೊಳ್ಳದಂತಾಗುತ್ತದೆ. ಇನ್ನೊಂದು ಅಡಿಪೊನೆಕ್ಟಿನ್. ಸಕ್ಕರೆಯನ್ನು ಹತೋಟಿಯಲ್ಲಿಡಲು ನೆರವಾಗಿ, ರಕ್ತನಾಳಗಳನ್ನು ಕಾಯುವಂಥದ್ದು. ಹೊಟ್ಟೆ ಬೆಳೆದಷ್ಟೂ ಅದು ಕಡಿಮೆಯಾಗುತ್ತದೆ, ಅದರ ಜಾಗದಲ್ಲಿ ನಾಳಗಳಿಗೆ ಉರಿಯೂತ ತರುವ ವಸ್ತುಗಳು ಹೆಚ್ಚುತ್ತವೆ. ನಿನಗೆ ಸಕ್ಕರೆ ಏರಿದ್ದಕ್ಕೂ ಹೃದಯದ ನಾಳ ಕಟ್ಟಿಕೊಂಡಿದ್ದಕ್ಕೂ ಇದು ಒಂದು ಕಾರಣ ಎಂದರು.

ಅಣ್ಣಾ, ತಟ್ಟೆ ಖಾಲಿ ಮಾಡಿ ಇನ್ನೂ ಹಸಿವು ಎನ್ನುತ್ತಿದ್ದೆಯಲ್ಲ, ಎಲ್ಲರೆದುರು ಹೊಟ್ಟೆಬಾಕ ಎಂದು ನಿನ್ನನ್ನು ಆಡಿಕೊಂಡಿದ್ದೇನೆ. ಕ್ಷಮಿಸು.

ಕೊನೆಗೆ ಡಾಕ್ಟರಮ್ಮ, “ಸೊಂಟ ಯಾವ ವರ್ಷದಿಂದ ಬೆಳೀತಾ ಬಂತು ಅಂತ ಗೊತ್ತಿದ್ದಿದ್ರೆ ಎಷ್ಟೋ ಮುಂಚೆ ಪರೀಕ್ಷೆಗೆ ಕರೀಬಹುದಿತ್ತು. ಆದ್ರೆ ಅದನ್ನೆಲ್ಲ ಯಾರು ಬರೆದಿಡ್ತಾರೆ ಹೇಳಿ” ಎಂದರು. ಅತ್ತಿಗೆ ಹೌದೆಂದು ತಲೆಯಾಡಿಸಿದಳು. ನಾನು ಬರೆದಿಟ್ಟಿದ್ದೆ. ಚೀಟಿಯಲ್ಲಿ ಸುಳ್ಳು ಹೇಳಿದವಳು ಅಂಗಡಿಯ ಅಳತೆ ಪುಸ್ತಕದಲ್ಲಿ ಹೇಳಿರಲಿಲ್ಲ, ಹೊಲಿಗೆ ಬಿಚ್ಚಿದಾಗಲೆಲ್ಲ ನಿಜವಾದ ಸೊಂಟವನ್ನೇ ಬರೆದಿದ್ದೆ. ಮೂವತ್ಮೂರು, ಮೂವತ್ನಾಲ್ಕೂವರೆ, ಮೂವತ್ತಾರು, ಮೂವತ್ತೊಂಬತ್ತು. ಪ್ರತಿಯೊಂದರ ಪಕ್ಕದಲ್ಲೂ ತಾರೀಖಿದೆ.

ಆ ಹಾಳೆ ಎಡಜೇಬಿನಲ್ಲಿದೆ. ಅಳತೆ ಪುಸ್ತಕದಿಂದ ನಾನು ಹಾಳೆ ಹರಿದಿದ್ದು ಇದೇ ಮೊದಲು. ಸೋಮವಾರ ಡಿಪೊ ಡಾಕ್ಟರಿಗೆ ಅದನ್ನು ಕೊಡು. ಅದನ್ನು ನೋಡಿ ಅವರು ಈಗಲೇ ಬಸ್ ಬೇಡ ಎನ್ನಬಹುದು. ನೀನು ಸ್ಟಿಯರಿಂಗ್ ಬಿಟ್ಟು ಮನೆಯಲ್ಲಿ ಕೂರುವವನಲ್ಲ, ನನಗೆ ಗೊತ್ತು. ನನ್ನ ಮೇಲೆ ಸಿಟ್ಟಾಗು, ಅಂಗಡಿ ಮೆಟ್ಟಿಲು ಹತ್ತಬೇಡ, ಬೇರೆ ದರ್ಜಿಯನ್ನು ಹಿಡಿ. ಹಾಳೆಯನ್ನು ಮಾತ್ರ ಮುಚ್ಚಿಡಬೇಡ. ನಡಿಗೆ, ಊಟದ ಹಿಡಿತ, ಔಷಧಿ ಸರಿಯಾಗಿದ್ದು ಸೊಂಟ ಇಳಿದರೆ ಆ ಕಾಯುವ ಹಾರ್ಮೋನು ಮತ್ತೆ ಹೆಚ್ಚಾಗಬಹುದು ಎಂದಿದ್ದಾರೆ ಡಾಕ್ಟರಮ್ಮ.

ಡಾಕ್ಟರಮ್ಮ ಟೇಪು ಸುತ್ತಿದ್ದು ಹೊಕ್ಕುಳ ಮೇಲೆ, ಪ್ಯಾಂಟು ನಿಲ್ಲುವುದು ಅದರ ಕೆಳಗೆ, ಅದಕ್ಕೇ ಈ ಪ್ಯಾಂಟಿನ ಚೀಟಿಯಲ್ಲಿ ಮೂವತ್ತೊಂಬತ್ತು ಎಂದೇ ಇದೆ. ಒಳಗೆ ಒಂದು ನೂಲಿನಷ್ಟೂ ಬಟ್ಟೆ ಬಿಟ್ಟಿಲ್ಲ. ಬಿಗಿಯಾದರೆ ನನ್ನಿಂದ ಏನೂ ಮಾಡಲಾಗುವುದಿಲ್ಲ. ಸಡಿಲವಾದರೆ ತೆಗೆದುಕೊಂಡು ಬಾ ಅಣ್ಣಾ, ಟೇಪು ಸುತ್ತಿ ಬೀದಿಗೆಲ್ಲ ಕೇಳುವ ಹಾಗೆ ಅಳತೆ ಹೇಳಿ, ಸೊಂಟ ಹಿಡಿದು ಚಿಕ್ಕದು ಮಾಡಿಕೊಡುತ್ತೇನೆ.

ನನ್ನ ಆಯಸ್ಸೂ ನಿನಗಿರಲಿ ಎಂದು ಬೇಡುವ,
ನಿನ್ನ ಸೂಜಿ