ಆಟಗಾರರ ಮಡದಿಯರು

ಮನೆಯಿಂದ, ಹಿತ್ತಿಲ ಮೆಟ್ಟಿಲ ಮೇಲೆ ಕೂತು
ತಾರೀಖು ಹದಿನಾಲ್ಕು, ಮಂಗಳವಾರ ಬೆಳಗ್ಗೆ

ನನ್ನ ಮುದ್ದು ಮೊಮ್ಮಗಳಿಗೆ, ಈ ಹೊತ್ತು ಕೈಗೆ ಸಿಗದಷ್ಟು ದೂರದಲ್ಲಿದ್ದು ಬಚಾವಾದವಳಿಗೆ,

ಹೇಗಿದ್ದೀಯ? ನೆಗಡಿ ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ನಿಂತಲ್ಲೇ ನಾಲ್ಕು ತುತ್ತು ನುಂಗಿ ಏಣಿ ಹತ್ತುತ್ತಿದ್ದೀಯೋ? ಗೋಡೆಗೆ ಮೊಳೆ ಹೊಡೆಯುವಾಗ ಹೆಬ್ಬೆರಳು ಜಜ್ಜಿಕೊಂಡೆಯಂತೆ, ನಿನ್ನಮ್ಮ ಹೇಳಿದಳು. ಬಟ್ಟೆ ಬಿಗಿಯಾಗಿ ಕಟ್ಟಬೇಡ, ಗಾಳಿಯಾಡಲಿ. ನನ್ನ ಮಂಡಿ ಹಾಗೇ ಇದೆ, ಕೂತರೆ ಏಳಲು ಬಿಡುವುದಿಲ್ಲ, ಎದ್ದರೆ ಕೂರಲು ಬಿಡುವುದಿಲ್ಲ. ನಿನ್ನಪ್ಪನ ಬಿಪಿ ಹತೋಟಿಯಲ್ಲಿದೆ. ನನ್ನದು ನಿನ್ನೆ ಸಂಜೆಯವರೆಗೆ ಹತೋಟಿಯಲ್ಲಿತ್ತು. ಕ್ಷೇಮ ಸಮಾಚಾರ ಇಷ್ಟು, ಇನ್ನು ಬೈಗುಳ. ಫೋನಿನಲ್ಲೇ ಬೈಯಬಹುದಿತ್ತು. ಆದರೆ ನೀನು “ಅಜ್ಜಿ, ಒಂದ್ನಿಮಿಷ” ಅಂತ ಹೋದರೆ ಮತ್ತೆ ಬರುವುದು ಮುಂದಿನ ವಾರ. ಕಾಗದಕ್ಕೆ ಕೆಂಪು ಗುಂಡಿ ಇಲ್ಲ. ಇದನ್ನು ಗುರುವಾರ ಅಲ್ಲಿಗೆ ಬರುವ ನಿನ್ನಪ್ಪನ ಕೈಯಲ್ಲಿ, ಲಕೋಟೆ ಅಂಟಿಸಿಯೇ ಕೊಡುತ್ತೇನೆ. ಅವನು ಓದುವುದು ಬೇಡ.

ನಿನ್ನೆ ನೀನು ಕಳಿಸಿದ ಗೋಡೆಯ ಫೋಟೋ ತೋರಿಸಲು ನಿನ್ನಮ್ಮ ಫೋನು ಹಿಡಿದು ಬಂದಳು. ನಾವು ಬಿಟ್ಟು ಬಂದ ಊರಿನಲ್ಲಿ, ನಾವು ದುಡಿದ ಬಲ್ಬ್ ಕಾರ್ಖಾನೆಯೊಳಗೆ ಹೋಟೆಲು ಮಾಡುತ್ತಿದ್ದಾರೆ, ಅದರ ಗೋಡೆಗೆಲ್ಲ ಹಳೇ ಚಿತ್ರ ಹಾಕುವ ಕೆಲಸ ನಿನಗೆ ಸಿಕ್ಕಿದೆ ಅಂತ ಅವತ್ತು ಗೊತ್ತಾದಾಗ ಹಿಗ್ಗಿದವಳು ನಾನೇ. ಪೆಟ್ಟಿಗೆಯ ತಳದಿಂದ ಚಿತ್ರಗಳನ್ನು ತೆಗೆದುಕೊಟ್ಟವಳೂ ನಾನೇ. ಈಗ ಅವನ್ನೆಲ್ಲ ಬಾಗಿಲಿನಷ್ಟು ದೊಡ್ಡದು ಮಾಡಿಸಿದ್ದೀಯ, ಕೆಳಗೆ ಬಣ್ಣದಲ್ಲಿ ಸಾಲು ಬರೆಸಿದ್ದೀಯ. ಚೆನ್ನಾಗಿದೆ. ನಾನು ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ನಾವು ಏಳು ಹೆಂಗಸರು ನೀಲಿ ಅಂಗಿ ತೊಟ್ಟು ಸಾಲಾಗಿ ನಿಂತ ಚಿತ್ರದ ಕೆಳಗೆ ಏನು ಬರೆದಿದ್ದೀಯ? “ನಮ್ಮ ವೀರರ ಹಿಂದಿನ ಶಕ್ತಿ: ಆಟಗಾರರ ಮಡದಿಯರು.” ನಮ್ಮ ಹಿಂದೆ ಸುಣ್ಣ ಕಾಣದ ಗೋಡೆ ಇತ್ತು, ಮುಂದೆ ಬಲೆ ಇತ್ತು. ನಾವು ಯಾರ ಹಿಂದೆಯೂ ನಿಂತಿರಲಿಲ್ಲ ಕಣೇ. ಆಟಗಾರರು ನಾವು.

ಓದು, ಮೊದಲಿನಿಂದ ಹೇಳುತ್ತೇನೆ. ನಾವು ಪ್ಯಾಕಿಂಗ್ ಕೋಣೆಯವರು. ಬಲ್ಬನ್ನು ಒರೆಸಿ, ಕಾಗದ ಸುತ್ತಿ, ಡಬ್ಬಿಗೆ ಇಳಿಸುವುದು ನಮ್ಮ ಕೆಲಸ. ಗಂಡಸರಿಗೆ ಫುಟ್ಬಾಲ್ ತಂಡವಿತ್ತು, ಬೂಟು ಇತ್ತು, ಆಟದ ದಿನ ಅರ್ಧ ರಜೆ ಇತ್ತು. ನಮಗೆ ಏನೂ ಇರಲಿಲ್ಲ. ಒಂದು ದಿನ ಊಟದ ಬಿಡುವಿನಲ್ಲಿ ಉದ್ದಕ್ಕ, ಅದೇ, ಚಿತ್ರದಲ್ಲಿ ತಲೆ ಚೌಕಟ್ಟಿಗೆ ತಾಗುವಂತೆ ನಿಂತವಳು, ಕೋಣೆಗೆ ಅಡ್ಡಲಾಗಿ ದಾರ ಕಟ್ಟಿ, ಉರಿಯದೆ ವಾಪಸ್ಸು ಬಂದ ಒಂದು ಬಲ್ಬನ್ನು ದಾರದ ಮೇಲಿಂದ ನನ್ನತ್ತ ಎಸೆದಳು. ಹಿಡಿದೆ. ವಾಪಸ್ಸು ಎಸೆದೆ. ಮಾರನೇ ದಿನದಿಂದ ಆ ಕಡೆ ಮೂವರು, ಈ ಕಡೆ ನಾಲ್ವರು. ಒಡೆದವಳು ಗುಡಿಸಬೇಕು, ಅಷ್ಟೇ ಕಾನೂನು. ಮೊದಲ ವಾರ ಎಲ್ಲರೂ ಗುಡಿಸಿದೆವು. ತಿಂಗಳಾದ ಮೇಲೆ ಪೊರಕೆಗೆ ಕೆಲಸವಿರಲಿಲ್ಲ. ಗಾಜನ್ನು ಅಮುಕಬಾರದು, ಬಿಡಬಾರದು, ಬರುತ್ತಿದ್ದ ಹಾಗೇ ಕೈಯನ್ನು ಹಿಂದಕ್ಕೆಳೆದು ಮಡಿಲಿಗೆ ತಂದುಕೊಳ್ಳಬೇಕು. ಅದು ಕೈಗೆ ಕೂತ ಮೇಲೆ, ಥ್ರೋಬಾಲ್ ಆಡ್ತೀರಾ ಅಂತ ಯಾರೋ ನಿಜವಾದ ಚೆಂಡು ತಂದುಕೊಟ್ಟಾಗ ನಮಗೆ ನಗು ಬಂತು. ಮಗುವಿನ ದಿಂಬು ಹಿಡಿದ ಹಾಗಿತ್ತು. ಚಿತ್ರದಲ್ಲಿ ನಾವೆಲ್ಲ ಹೊಟ್ಟೆಯ ಮುಂದೆ ಕೈ ಜೋಡಿಸಿಕೊಂಡಿರುವುದು ನೋಡಿ ನಾಚಿಕೆ ಅಂದುಕೊಂಡೆಯಾ? ಅದು ನಾಚಿಕೆಯಲ್ಲ, ಚೆಂಡಿಗೆ ಕಾಯುವ ಕೈ.

ಮೂರು ವರ್ಷ ಆಡಿದೆವು. ಕೊನೆಯ ವರ್ಷ ಬಿಸ್ಕತ್ ಫ್ಯಾಕ್ಟರಿಯ ಹೆಂಗಸರನ್ನು ಅವರ ಮೈದಾನದಲ್ಲೇ ಸೋಲಿಸಿದೆವು. ಅವರು ಒಬ್ಬೊಬ್ಬರೂ ಬೀರುವಿನಷ್ಟು ಅಗಲ, ಎಸೆದರೆ ಎದೆಗೂಡು ಅದುರುತ್ತಿತ್ತು. ಆದರೂ ಒಂದು ಚೆಂಡೂ ನಮ್ಮ ಕೈಯಿಂದ ನೆಲಕ್ಕೆ ಬೀಳಲಿಲ್ಲ. ಲೇಬಲ್ ಅಂಟಿಸುತ್ತಿದ್ದ ಗೋಂದು, ಎಲ್ಲರಿಗಿಂತ ಚಿಕ್ಕವಳು, ಆವತ್ತು ಜ್ವರದಲ್ಲೇ ಆಡಿದಳು. ಚಿತ್ರದಲ್ಲಿ ನಾನು ಎಡದಿಂದ ಎರಡನೆಯವಳು, ಹೊಟ್ಟೆಯಲ್ಲಿ ನಿನ್ನಪ್ಪ ಮೂರು ತಿಂಗಳು. ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೆ ಕೂರಿಸುತ್ತಿದ್ದರು.

ಈಗ ಪಕ್ಕದ ಚಿತ್ರಕ್ಕೆ ಬಾ. ಹನ್ನೆರಡು ಗಂಡಸರು, ನಡುವೆ ಬಹುಮಾನದ ಕಪ್ಪು, ಕಪ್ಪಿನ ಮೇಲೆ ಕೈ ಇಟ್ಟು ನಿಮ್ಮಜ್ಜ. “ಊರು ಮರೆಯದ ತಾರೆ” ಅಂತ ಬರೆಸಿದ್ದೀಯ. ನಿಮ್ಮಜ್ಜ ಕೆಟ್ಟವರಲ್ಲ, ನಲವತ್ತೊಂದು ವರ್ಷ ಅವರ ಜೊತೆ ಬಾಳಿದ್ದೇನೆ, ಸತ್ತವರ ಬಗ್ಗೆ ಸುಳ್ಳಾಡುವುದಿಲ್ಲ. ಆದರೆ ಅವರು ಆ ತಂಡದ ಹನ್ನೆರಡನೆಯವರು. ಯಾರದಾದರೂ ಕಾಲು ಉಳುಕಿದರೆ ಮೈದಾನಕ್ಕಿಳಿಯುವವರು. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲ ಇಳಿದರು, ಹನ್ನೊಂದು ನಿಮಿಷ, ಅದರಲ್ಲೂ ಎರಡು ನಿಮಿಷ ಬೂಟಿನ ದಾರ ಕಟ್ಟಿಕೊಂಡರು. ಆ ತಂಡ ಯಾವತ್ತೂ ಏನೂ ಗೆಲ್ಲಲಿಲ್ಲ. ಆ ಕಪ್ಪು ನಮ್ಮದು, ಬಿಸ್ಕತ್ ಫ್ಯಾಕ್ಟರಿಯವರನ್ನು ಸೋಲಿಸಿ ಗೆದ್ದದ್ದು. ಫೋಟೋದವನು ಬಂದದ್ದು ನಮಗಾಗಿ. ಮ್ಯಾನೇಜರು, ಹೇಗೂ ಬಂದಿದ್ದಾನಲ್ಲ ಅಂತ ಗಂಡಸರನ್ನೂ ಕರೆಸಿ, ನಮ್ಮ ಚಿತ್ರ ತೆಗೆಯುವ ಮೊದಲೇ ನಮ್ಮ ಮುಂದಿದ್ದ ಕಪ್ಪನ್ನು ಎತ್ತಿ ಅವರ ಮುಂದೆ ಇಟ್ಟರು. ಆಮೇಲೆ ಅದು ಕ್ಯಾಂಟೀನಿನ ಬೀರುವಿಗೆ ಹೋಯಿತು, ಕೀಲಿ ಫುಟ್ಬಾಲ್ ನಾಯಕನ ಜೇಬಿಗೆ ಹೋಯಿತು.

ಮುಂದಿನ ಪಂದ್ಯಕ್ಕೆ ಬೇರೆ ಊರಿಂದ ಕರೆ ಬಂತು, ಎರಡು ದಿನ ಅಲ್ಲೇ ಉಳಿಯಬೇಕಿತ್ತು. ಸರಿ, ಮ್ಯಾನೇಜರಿಗೆ ಒಂದು ಅರ್ಜಿ ಹೋಯಿತು. ಮನೆ ಮಕ್ಕಳ ಕ್ಷೇಮದ ದೃಷ್ಟಿಯಿಂದ ಹೆಂಗಸರ ಆಟ ನಿಲ್ಲಿಸಬೇಕಾಗಿ ವಿನಂತಿ. ಕೆಳಗೆ ಏಳು ಸಹಿ: ಐದು ಗಂಡಂದಿರು, ಒಬ್ಬ ಅಣ್ಣ, ಒಬ್ಬ ಮಾವ. ನಿಮ್ಮಜ್ಜನದು ಮೂರನೆಯದು. ವಾರದೊಳಗೆ ನಮ್ಮ ತಂಡ ಮುಚ್ಚಿತು, ಬಲೆ ಕಾವಲುಗಾರನ ಮನೆಯ ಅವರೆ ಬಳ್ಳಿಗೆ ಚಪ್ಪರವಾಯಿತು. ಏಳು ವರ್ಷದ ಮೇಲೆ ಕಾರ್ಖಾನೆಯೂ ಮುಚ್ಚಿ ಗಂಡಸರ ತಂಡವೂ ಹೋದಾಗ ಊರಿಗೆ ಊರೇ ಅತ್ತಿತು. ಇವತ್ತಿಗೂ ಅಳುತ್ತಿದೆ, ನಿನ್ನಮ್ಮ ಫೋನಿನಲ್ಲಿ ತೋರಿಸಿದಳು: ಆ ಕಾಲವೇ ಚೆಂದ, ರೇಡಿಯೋದಲ್ಲಿ ಬರುತ್ತಿದ್ದ ಆ ಬಲ್ಬಿನ ಜಾಹೀರಾತಿನ ಹಾಡೇ ಚೆಂದ, ಆ ತಂಡದ ಹಳದಿ ಅಂಗಿಯೇ ಚೆಂದ. ಅಂಗಿ ಒಗೆದವರನ್ನು ಕೇಳಿ, ಎಷ್ಟು ಚೆಂದ ಅಂತ ಹೇಳುತ್ತೇವೆ. ನಮ್ಮದು ಮುಚ್ಚಿದ ದಿನ ಪ್ಯಾಕಿಂಗ್ ಕೋಣೆಯಲ್ಲಿ ಯಾರೂ ಅಳಲಿಲ್ಲ, ಒಂದು ಬಲ್ಬೂ ಒಡೆಯಲಿಲ್ಲ. ಒಡೆಯಬೇಕಿತ್ತು. ಅದೇ ನನ್ನ ಸಂಕಟ.

“ನೀನು ನನಗೆ ಯಾಕೆ ಹೇಳಲಿಲ್ಲ” ಅಂತೀಯ. ಹೇಳಲಿಲ್ಲ, ನಿಜ. ನೀನೂ ಕೇಳಲಿಲ್ಲ. ಚಿತ್ರ ಒಯ್ಯುವಾಗ “ಎಷ್ಟು ಚೆನ್ನಾಗಿದ್ದೆ ಅಜ್ಜಿ” ಅಂದೆಯೇ ಹೊರತು ಯಾಕೆ ನಿಂತಿದ್ದೀರಿ ಅನ್ನಲಿಲ್ಲ. ಏಳು ಹೆಂಗಸರು ಸುಮ್ಮನೆ ಒಂದೇ ಬಣ್ಣದ ಅಂಗಿ ತೊಟ್ಟು ನಿಲ್ಲುತ್ತಾರೆಯೇ? ಗಂಡಸರು ನಿಂತಿದ್ದರೆ ತಂಡ ಅಂತ ನಿನಗೇ ಹೊಳೆಯುತ್ತಿತ್ತು. ಏಣಿ ಹತ್ತಿ ಮೊಳೆ ಹೊಡೆಯುವ ಹುಡುಗಿ ನೀನು, ನಿನ್ನ ಕೈಯಲ್ಲೇ ಇಂಥ ಸಾಲು ಬಂತಲ್ಲ, ಅದು ಹೊಟ್ಟೆ ಉರಿಸುತ್ತದೆ. ಬದುಕಿರುವ ಉದ್ದಕ್ಕನನ್ನೂ, ಗೋಂದುವನ್ನೂ, ಡಬ್ಬಿ ಲೆಕ್ಕ ಹಾಕುತ್ತಿದ್ದ ಎಣಿಕೆಯವಳನ್ನೂ ಹುಡುಕಿ, ಹೋಟೆಲು ತೆರೆಯುವ ಭಾನುವಾರಕ್ಕೆ ಕರೆದಿದ್ದೀಯಂತೆ, ಚಿತ್ರದ ಕೆಳಗೆ ಕೂರಿಸಿ ಹೂ ಕೊಡುತ್ತೀಯಂತೆ. ಮಡದಿಯರು ಅಂತ ಓದಿಕೊಂಡು ಅವರು ಹೂ ಹಿಡಿಯಬೇಕೇ? ಗೋಂದು ಮದುವೆಯೇ ಆಗಲಿಲ್ಲ ಕಣೇ. ಆ ಸಾಲನ್ನು ಅಳಿಸು. ಪ್ಯಾಕಿಂಗ್ ಕೋಣೆಯ ಥ್ರೋಬಾಲ್ ತಂಡ, ಕಪ್ಪು ಗೆದ್ದವರು ಅಂತ ಬರೆ. ಏಳು ಹೆಸರನ್ನೂ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ನಿಂತ ಸಾಲಿನಲ್ಲೇ. ಹಾಗೆ ಮಾಡದಿದ್ದರೆ ನಾನು ಆ ಹೊಸ್ತಿಲು ತುಳಿಯುವುದಿಲ್ಲ. ನಿಮ್ಮಜ್ಜನ ಚಿತ್ರ ಇರಲಿ, ತಾರೆ ಅಂತಲೇ ಇರಲಿ, ಬಡಪಾಯಿಗೆ ಆಸೆಯಿತ್ತು. ಕಪ್ಪು ಯಾರದು ಅಂತ ಮಾತ್ರ ಬರೆ.

ಸಿಟ್ಟು ನನ್ನಲ್ಲೇ ಉಳಿಯಲಿ, ಆಯುಸ್ಸು ನಿನಗೆ ನೂರಿರಲಿ. ಬೆರಳು ನೀರಿಗೆ ಹಾಕಬೇಡ.

ಎಡದಿಂದ ಎರಡನೆಯವಳು,
ನಿನ್ನಜ್ಜಿ

ಮಡಚಿದ ಮೇಲೆ ಮತ್ತೆ ಬಿಚ್ಚಿದೆ: ಆ ಅರ್ಜಿ ಬರೆದದ್ದು ನಾನು. ಸಹಿ ಹಾಕಿದ ಏಳು ಮಂದಿಯಲ್ಲಿ ನೆಟ್ಟಗೆ ನಾಲ್ಕು ಸಾಲು ಬರೆಯುವವರು ಒಬ್ಬರೂ ಇರಲಿಲ್ಲ. ನಿಮ್ಮಜ್ಜ ಅಡುಗೆಮನೆ ಬಾಗಿಲಲ್ಲಿ ಕಾಗದ ಹಿಡಿದು ನಿಂತು, “ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ” ಅಂದರು. ಗದರಲಿಲ್ಲ, ಕೈಯೆತ್ತಲಿಲ್ಲ. ಆಗಲ್ಲ ಅನ್ನಬಹುದಿತ್ತು. ಒಲೆಯ ಮೇಲೆ ಹಾಲಿತ್ತು, ಅದು ಉಕ್ಕುವುದರೊಳಗೆ ಬರೆದು ಮುಗಿಸಿದೆ. ಅದನ್ನು ಬರೆದ ಕೈ ಸೇದಿಹೋಗಲಿ ಅಂತ ಉದ್ದಕ್ಕ ಶಾಪ ಹಾಕಿದಾಗ ಪಕ್ಕದಲ್ಲೇ ನಿಂತು ಹೂಂಗುಟ್ಟಿದೆ. ಅವಳಿಗೂ ಉಳಿದವರಿಗೂ ಇವತ್ತಿಗೂ ಗೊತ್ತಿಲ್ಲ. ಬರುವುದಿಲ್ಲ ಅಂದದ್ದು ಸುಳ್ಳು, ಬರುತ್ತೇನೆ, ಮೂವರಿಗೂ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ನೀನು ಬಾಯಿಬಿಡಬೇಡ. ಆರು ಹೆಸರು ಬಣ್ಣದಲ್ಲಿ ಬರೆಸು, ನನ್ನದನ್ನು ಸೀಮೆಸುಣ್ಣದಲ್ಲಿ ಬರೆದಿಡು. ಕೇಳಿದ ಮೇಲೆ ಆ ಮೂವರು ಇರಲಿ ಅಂದರೆ ಬಣ್ಣ ಹಚ್ಚು. ಬೇಡ ಅಂದರೆ ಒದ್ದೆ ಬಟ್ಟೆಯನ್ನು ಉದ್ದಕ್ಕನ ಕೈಗೇ ಕೊಡು.