ಹೊಸ ನೆಲ, ಒಂದು ಚೊಂಬು ನೀರು

ವಿನುತಾ,

ನಾನು ಮಂಡಿಗೆ ಹೋಗ್ತಿದೀನಿ. ಸೊಪ್ಪಿನ ಸಾರು ಬಿಸಿ ಮಾಡ್ಕೊ.

ಇವತ್ತು ನಿಮ್ಮ ಮಾವ ಕೈ ನಡುಗಿ, ನೀನು ಅವರ ರೂಮಿಗೆ ಹಾಕಿಸಿದ ಲ್ಯಾಮಿನೇಟ್ ನೆಲದ ಮೇಲೆ ಒಂದು ಚೊಂಬು ನೀರು ಚೆಲ್ಲಿದಾರೆ. ಹೆದರ್ಕೊಂಡು ನನ್ನನ್ನ ಕೂಗೇ ಇಲ್ಲ. ನಾನು ಸ್ನಾನ, ಪೂಜೆ ಎಲ್ಲಾ ಮುಗಿಸಿ ಹೋಗಿ ನೋಡ್ತೀನಿ, ಬಾಳೆ ಎಲೆ ಮೇಲೆ ನಿಂತ ಹಾಗೆ ನೀರು ಮೇಲೇ ನಿಂತಿದೆ! ಮರದ ಪುಡಿ ಒತ್ತಿ ಮಾಡಿರೋ ಹಲಗೆ, ನೀರು ಬಿದ್ರೆ ಅವಲಕ್ಕಿ ಥರ ಊದ್ಕೊಳ್ಳುತ್ತೆ ಅಂತ ನಾನೇ ಆಡ್ಕೊಂಡಿದ್ನಲ್ಲ? ಒರೆಸಿ, ಒಂದೊಂದು ಜಾಯಿಂಟೂ ಬೆರಳಲ್ಲಿ ಸವರಿ ನೋಡ್ದೆ. ಎಲ್ಲೂ ಎದ್ದಿಲ್ಲ ಕಣಮ್ಮ! ಮಾವನೂ ಮಂಚದಿಂದ ಬಗ್ಗಿ, ದೇವರು ಬಲಗಡೆ ಹೂ ಕೊಟ್ಟಾಗ ನೋಡೋ ಹಾಗೆ ಕಣ್ಣರಳಿಸಿ ನೋಡ್ತಿದ್ರು.

ಆಮೇಲೆ, "ಇನ್ನೊಂದು ಚೊಂಬು ನೀರು ಕೊಡೇ" ಅಂದ್ರು. ಗಟಗಟ ಕುಡಿದ್ರು. ಈ ನೆಲ ಹಾಕಿದ ಮೇಲೆ ಅವರು ಬಾಯಿಬಿಟ್ಟು ನೀರು ಕೇಳಿದ್ದು ಇವತ್ತೇ. ವಯಸ್ಸಾಯ್ತು, ಬಾಯಾರಿಕೆ ಕಮ್ಮಿ ಆಗಿದೆ ಅಂದ್ಕೊಂಡಿದ್ವಲ್ಲ ನಾವು!

"ನೀರು ಚೆಲ್ಲಬೇಡಿ" ಅಂತ ನೀನು ಗೋಡೆಗೆ ಅಂಟಿಸಿದ್ದ ಚೀಟಿ ಕಿತ್ತಾಕಿದೀನಿ. ಬೈಕೊಂಡ್ರೆ ಬೈಕೋ. ಚೊಂಬು ಖಾಲಿಯಾದ್ರೆ ತುಂಬಿಸು. ಚೆಲ್ಲಿದ್ರೆ ಒರೆಸಿದ್ರಾಯ್ತು.

ಅತ್ತೆ